ತುಕ್ಕು ಮತ್ತು ಹುಣಸೆಹುಳಿ

ಜೂನ್ ತಿಂಗಳಲ್ಲಿ ಮುಂಬಯಿಗೆ ಮಳೆ ಕಾಲಿಟ್ಟಿತೆಂದರೆ ಮನೆಯೊಳಗಿನ ಕಬ್ಬಿಣದ ಸಾಮಾನುಗಳಿಗೆ ಕೇಡುಗಾಲ ಬಂದಿತೆಂದೇ ತಿಳಿಯಬೇಕು. ಬಾಗಿಲಿನ ಚಿಲಕ ಕಿರುಗುಟ್ಟುತ್ತದೆ. ಪೆಟ್ಟಿಗೆಯ ಬೀಗದಲ್ಲಿ ಕೀಲಿಕೈ ಹೊರಳುವುದಿಲ್ಲ. ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಚೈನು ನಾಲ್ಕೇ ದಿನಗಳಲ್ಲಿ ಕೆಂಪೇರುತ್ತದೆ. ಅಟ್ಟದ ಮೇಲೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಈಳಿಗೆಮಣೆಯನ್ನು ಹಬ್ಬದ ಅಡಿಗೆಗೆಂದು ಇಳಿಸಿ ನೋಡಿದರೆ ಅದರ ಅಲಗು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮಲ್ಲಿ ಕೆಲವರು ಅದನ್ನು ಈಳಿಗೆಮಣೆಯೆನ್ನುತ್ತಾರೆ, ಕರಾವಳಿಯ ಕಡೆಯವರು ಮೆಟ್ಟುಕತ್ತಿಯೆನ್ನುತ್ತಾರೆ, ನೆರೆಮನೆಯ ಮರಾಠಿಗರು ವಿಳಿಯೆನ್ನುತ್ತಾರೆ. ತುಕ್ಕು ಮಾತ್ರ ಎಲ್ಲರ ಮನೆಯಲ್ಲಿಯೂ ಒಂದೇ.

ಹೀಗೆ ಕೆಂಪಾದ ಸಾಮಾನನ್ನು ಭಂಗಾರದವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು ನಗರದ ರೂಢಿ. (ಕನ್ನಡದ ಕಿವಿಗೆ ಬಂಗಾರದಂತೆ ಕೇಳಿಸುವ ಈ ಮಾತಿಗೆ ಮರಾಠಿಯಲ್ಲಿ ಮುರುಕು ಸಾಮಾನೆಂದು ಅರ್ಥ.) ಕೊಡುವ ಮೊದಲು ಒಮ್ಮೆ ಯೋಚಿಸುವುದು ಒಳ್ಳೆಯದು. ಊರಿನ ಕಮ್ಮಾರನು ಕಾಯಿಸಿ ಬಡಿದು ಮಾಡಿದ ಅಲಗು ಪೇಟೆಯ ತೆಳು ತಗಡಿನಂತಲ್ಲ. ಮೇಲಿನ ಕೆಂಪು ಎಷ್ಟೇ ಭಯಂಕರವಾಗಿ ಕಂಡರೂ ಅನೇಕ ವೇಳೆ ಒಳಗೆ ಗಟ್ಟಿ ಕಬ್ಬಿಣ ಬೇಕಾದಷ್ಟು ಉಳಿದಿರುತ್ತದೆ. ಅದನ್ನು ಹೊರತರಲು ಬೇಕಾದ ಸಾಮಗ್ರಿಯೆಲ್ಲವೂ ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿಯೇ ಇದೆ. ಆದರೆ ಆ ಕೆಲಸವನ್ನು ಅರಿತು ಮಾಡಬೇಕು; ಅರಿಯದೆ ಮಾಡಿದರೆ ತುಕ್ಕಿಗಿಂತ ಹೆಚ್ಚಿನ ಹಾನಿಯನ್ನು ನಮ್ಮ ಕೈಯೇ ಮಾಡೀತು.

ತುಕ್ಕು ಎಂದರೇನು? ಧೂಳಿನಂತೆ, ಜಿಡ್ಡಿನಂತೆ ಹೊರಗಿನಿಂದ ಬಂದು ಕಬ್ಬಿಣದ ಮೇಲೆ ಕುಳಿತ ಕೊಳೆಯೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ತುಕ್ಕು ಕಬ್ಬಿಣವೇ. ಗಾಳಿಯಲ್ಲಿನ ಆಮ್ಲಜನಕ ಮತ್ತು ನೀರು ಇವೆರಡೂ ಕೂಡಿ ಕಬ್ಬಿಣದೊಡನೆ ಸೇರಿದಾಗ ಆಗುವ ಹೊಸ ಪದಾರ್ಥವದು. ಎರಡರಲ್ಲಿ ಒಂದು ಇಲ್ಲದಿದ್ದರೂ ತುಕ್ಕು ಹುಟ್ಟುವುದಿಲ್ಲ. ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ನಾಲ್ಕು ಗಾಜಿನ ನಳಿಗೆಗಳಿಂದಲೂ ನಾಲ್ಕು ಕಬ್ಬಿಣದ ಮೊಳೆಗಳಿಂದಲೂ ನೋಡಿ ತಿಳಿಯಬಹುದು. ಮೊಳೆಗಳನ್ನು ಮೊದಲು ಉಪ್ಪುಕಾಗದದಿಂದ ಉಜ್ಜಿ ಹೊಳಪು ಮಾಡಿರಬೇಕು. ಮೊದಲನೆಯ ಮೊಳೆ ಸಾಧಾರಣ ನೀರಿನಲ್ಲಿ ಅರ್ಧ ಮುಳುಗಿರಲಿ. ಎರಡನೆಯದು ಚೆನ್ನಾಗಿ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಮುಳುಗಿ, ಆ ನೀರಿನ ಮೇಲೆ ಒಂದು ಪದರ ಎಣ್ಣೆಯಿರಲಿ. ಕುದಿಸಿದಾಗ ನೀರಿನೊಳಗಿನ ಗಾಳಿ ಹೊರಟುಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ. ಮೂರನೆಯದು ಒಣ ನಳಿಗೆಯಲ್ಲಿ, ಹೊಸ ಬೂಟಿನ ಪೆಟ್ಟಿಗೆಗಳಲ್ಲಿ ಸಿಗುವ ತೇವ ಹೀರುವ ಹರಳುಗಳೊಡನೆ ಬಿಗಿಯಾಗಿ ಬಿರಡೆ ಹಾಕಲ್ಪಟ್ಟಿರಲಿ. ನಾಲ್ಕನೆಯದು ಉಪ್ಪುನೀರಿನಲ್ಲಿ ಅರ್ಧ ಮುಳುಗಿರಲಿ. ಕೆಲವು ದಿನಗಳಲ್ಲಿ ಮೊದಲನೆಯ ಮತ್ತು ನಾಲ್ಕನೆಯ ಮೊಳೆಗಳು ಕೆಂಪಾಗುತ್ತವೆ. ನಡುವಿನ ಎರಡು ಮೊಳೆಗಳು ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತವೆ. ಉಪ್ಪು ತಾನಾಗಿ ಕಬ್ಬಿಣವನ್ನು ತುಕ್ಕು ಹಿಡಿಸುವುದಿಲ್ಲ, ಆದರೆ ನೀರಿನ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಸಮುದ್ರದ ಬದಿಯ ಊರುಗಳಲ್ಲಿ ಕಬ್ಬಿಣ ಬೇಗ ಸವೆಯುವುದಕ್ಕೆ ಇದೇ ಕಾರಣ. ನೀರು ತೊಟ್ಟಿಕ್ಕಲೇಬೇಕೆಂದಿಲ್ಲ, ಗಾಳಿಯಲ್ಲಿನ ಸಾಪೇಕ್ಷ ತೇವವು ನೂರಕ್ಕೆ ಸುಮಾರು 60ನ್ನು ದಾಟಿದರೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂಡುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಬಹುಪಾಲು ದಿನ 80ರ ಆಚೆಗೇ ಇರುತ್ತದೆ.

ಇನ್ನೂ ಒಂದು ಮಾತನ್ನು ಇಲ್ಲಿ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಕೆಮ್ಮಣ್ಣುಗುಂಡಿಯೆಂಬ ಸ್ಥಳವಿದೆ. ಹೆಸರೇ ಹೇಳುವಂತೆ ಅಲ್ಲಿನ ಮಣ್ಣು ಕೆಂಪು. ಅದು ಕಬ್ಬಿಣದ ಅದಿರು. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದಾಗ ಇಲ್ಲಿಯ ಅದಿರನ್ನೇ ಮಲೆನಾಡಿನ ಮರದ ಇದ್ದಿಲಿನೊಡನೆ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಆ ಅದಿರಿನಲ್ಲಿ ಕಬ್ಬಿಣವೂ ಆಮ್ಲಜನಕವೂ ಗಾಢವಾಗಿ ಕೂಡಿಕೊಂಡಿರುತ್ತವೆ. ಇದ್ದಿಲು ಆಮ್ಲಜನಕವನ್ನು ಕಿತ್ತುಕೊಂಡರೆ ಕಬ್ಬಿಣ ಬೇರೆಯಾಗುತ್ತದೆ. ತುಕ್ಕು ಹಿಡಿಯುವುದೆಂದರೆ ಈ ಕೆಲಸ ತಿರುಗುಮುರುಗಾಗಿ ನಡೆಯುವುದೇ. ಅಷ್ಟೊಂದು ಬೆಂಕಿಯನ್ನು ಉರಿಸಿ ಮಣ್ಣಿನಿಂದ ಬಿಡಿಸಿ ತಂದ ಕಬ್ಬಿಣವು ಸದ್ದಿಲ್ಲದೆ ಪುನಃ ಕೆಮ್ಮಣ್ಣಾಗುತ್ತಿರುತ್ತದೆ. ಲೆಕ್ಕ ನೋಡಿದರೆ, ನೀರಿನಂಶವನ್ನು ಕಳೆದ 100 ಗ್ರಾಂ ತುಕ್ಕಿನಲ್ಲಿ ಸುಮಾರು 70 ಗ್ರಾಂ ಕಬ್ಬಿಣವೇ ಇರುತ್ತದೆ. ಆದುದರಿಂದ ನಾವು ತುಕ್ಕನ್ನು ಉಜ್ಜಿ ತೆಗೆದಾಗ ಕಬ್ಬಿಣವನ್ನೇ ಉಜ್ಜಿ ತೆಗೆಯುತ್ತೇವೆ. ಹೋದ ಕಬ್ಬಿಣವನ್ನು ಹುಣಸೆಹುಳಿಯೂ ಮರಳಿ ಕೊಡಲಾರದು, ನಿಂಬೆಹುಳಿಯೂ ಕೊಡಲಾರದು. ಅಲಗಿನ ಮೇಲೆ ಬಿದ್ದ ಗುಳಿ ಗುಳಿಯಾಗಿಯೇ ಉಳಿಯುತ್ತದೆ. ಕೆಂಪನ್ನು ತೆಗೆಯುವುದು ಕೆಲಸದ ಸುಲಭವಾದ ಅರ್ಧ. ಎಲ್ಲಿ ನಿಲ್ಲಿಸಬೇಕೆಂಬುದೂ ಉಳಿದ ಕಬ್ಬಿಣವನ್ನು ಹೇಗೆ ಕಾಯಬೇಕೆಂಬುದೂ ಕಷ್ಟವಾದ ಇನ್ನರ್ಧ.

ಅಲ್ಯೂಮಿನಿಯಮ್ಮಿನ ಪಾತ್ರೆಯೂ ಆಮ್ಲಜನಕದೊಡನೆ ಕೂಡುತ್ತದೆ. ಆದರೆ ಅಲ್ಲಿ ಆಗುವ ಪೊರೆ ತೆಳುವಾಗಿ, ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸ್ಪಂಜಿನಂತೆ ಸಡಿಲ; ತೇವವನ್ನು ಹೀರಿ ಹಿಡಿದಿಟ್ಟು ಕೆಳಗಿನ ಕಬ್ಬಿಣಕ್ಕೆ ಉಣಿಸುತ್ತದೆ. ಜೊತೆಗೆ, ಇದ್ದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ತಿರುಪಿನ ಮೊಳೆಗಳು ಹಿಡಿದುಕೊಂಡು ಬಿಡದಿರುವುದು ಈ ಉಬ್ಬುವಿಕೆಯಿಂದಲೇ. ಹಳೆಯ ಚಾಳುಗಳಲ್ಲಿಯೂ ಕಟ್ಟಡಗಳಲ್ಲಿಯೂ ತಾರಸಿಯ ತಳಭಾಗದ ಗಾರೆ ಹಪ್ಪಳಿಕೆಗಳಾಗಿ ಉದುರಿ ಒಳಗಿನ ಸರಳುಗಳು ಕಾಣುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಅಂತಹದು ಕಂಡರೆ ಮನೆಯ ಹಿರಿಯರಿಗೆ ಕೂಡಲೆ ತಿಳಿಸಬೇಕು. ಅದು ಹುಣಸೆಹುಳಿಯ ಕೆಲಸವಲ್ಲ, ಇಂಜಿನಿಯರರ ಕೆಲಸ.

ಕಬ್ಬಿಣವೆಲ್ಲವೂ ಒಂದೇ ವೇಗದಲ್ಲಿ ಸವೆಯುವುದಿಲ್ಲವೆಂಬುದಕ್ಕೆ ದಿಲ್ಲಿಯ ಕುತುಬ್ ಮಿನಾರದ ಬಳಿಯ ಕಬ್ಬಿಣದ ಕಂಬವು ಸಾಕ್ಷಿ. ಗುಪ್ತರ ಕಾಲದ ಆ ಕಂಬ ಸುಮಾರು 7 ಮೀಟರ್ ಎತ್ತರವಿದ್ದು, 1600 ವರ್ಷಗಳಿಂದ ಬಿಸಿಲು ಮಳೆಗಳಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೇಲ್ಮೈಯಲ್ಲಿ ಒಂದು ಬಿಗಿಯಾದ ರಕ್ಷಕ ಪೊರೆ ಬೆಳೆದಿದೆಯೆಂದು ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ದಿಲ್ಲಿಯ ಒಣ ಹವೆಯೂ ನೆರವಾಗಿದೆ. ನಮ್ಮ ಕೊಡಚಾದ್ರಿಯ ಮೇಲೆಯೂ ಒಂದು ಹಳೆಯ ಕಬ್ಬಿಣದ ಕಂಬವಿದೆ. ಮಲೆನಾಡಿನ ಆ ಜಡಿಮಳೆಯಲ್ಲಿ ಅದು ನಿಂತಿರುವುದು ಇನ್ನೂ ಸೋಜಿಗದ ವಿಷಯ. ನಮ್ಮ ಈಳಿಗೆಮಣೆಗೆ ಅಂತಹ ಭಾಗ್ಯವಿಲ್ಲ. ಅದಕ್ಕೆ ಬೇಕಾದ ಪೊರೆಯನ್ನು ನಾವೇ ಒದಗಿಸಬೇಕು.

ಕೆಲಸಕ್ಕೆ ತೊಡಗುವ ಮುನ್ನ ಕೈಯಲ್ಲಿರುವ ವಸ್ತು ಯಾವ ಲೋಹದ್ದೆಂದು ನೋಡಿಕೊಳ್ಳಬೇಕು. ಬೂದುಬಣ್ಣದ ಹಳೆಯ ಬಾಲ್ದಿಗಳು ಸತುವಿನ ಲೇಪವುಳ್ಳ ಕಬ್ಬಿಣದವು; ಹುಳಿ ಸೋಕಿದರೆ ಮೊದಲು ಕರಗುವುದು ಆ ಲೇಪವೇ. ಕಾಪಾಡುತ್ತಿದ್ದ ಹೊದಿಕೆಯನ್ನು ನಾವೇ ತೆಗೆದು ಬಾಲ್ದಿಯನ್ನು ತುಕ್ಕಿಗೆ ಒಪ್ಪಿಸಿದಂತಾಗುತ್ತದೆ. ಸ್ಪ್ರಿಂಗುಗಳನ್ನೂ ಸೈಕಲ್ಲಿನ ಬ್ರೇಕಿನ ಭಾಗಗಳನ್ನೂ ಹುಳಿಯಲ್ಲಿ ನೆನೆಯಿಡಲೇಬಾರದು. ಹುಳಿ ಕಬ್ಬಿಣಕ್ಕೆ ತಗುಲಿದಾಗ ಜಲಜನಕ ಹುಟ್ಟುತ್ತದೆ. ಗಡುಸಾದ ಉಕ್ಕಿನೊಳಕ್ಕೆ ಅದು ಸೇರಿಕೊಂಡರೆ ಉಕ್ಕು ಪೆಡಸಾಗಿ, ನೋಡಲು ಸರಿಯಾಗಿದ್ದರೂ ಭಾರ ಬಿದ್ದಾಗ ಥಟ್ಟನೆ ಮುರಿಯಬಹುದು. ಬ್ರೇಕು ಹಿಡಿಯುವ ಗಳಿಗೆಯಲ್ಲಿ ಅದು ಮುರಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ಬಣ್ಣ ಬಳಿದ ಕಬ್ಬಿಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು, ಅದು ವಿಷ.

ಕೈಗೆ ಗಾಯವಾದರೆ ಧನುರ್ವಾಯು ಬರುವುದೆಂಬ ಹೆದರಿಕೆ ಎಲ್ಲರಲ್ಲಿಯೂ ಉಂಟು. ಆ ರೋಗವನ್ನು ತರುವುದು ತುಕ್ಕಲ್ಲ. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವ ಒಂದು ರೋಗಾಣು. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆಯುತ್ತದೆ. ಮಣ್ಣಾದ ಮೊಳೆ ಚುಚ್ಚಿದ ಗಾಯ ಅಂತಹದೇ ಆದುದರಿಂದ ತುಕ್ಕಿಗೆ ಕೆಟ್ಟ ಹೆಸರು ಬಂದಿದೆ. ಹೊಳೆಯುವ ಹೊಸ ಮೊಳೆಯಾದರೂ ಮಣ್ಣಾಗಿದ್ದರೆ ಅಪಾಯ ಅಷ್ಟೇ. ಗಾಯವನ್ನು ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ, ಚುಚ್ಚುಮದ್ದು ಬೇಕೇ ಎಂದು ಕೇಳತಕ್ಕದ್ದು. ಅಲಗಿನ ಕೆಲಸದಲ್ಲಿ ಮನೆಯ ಹಿರಿಯರೊಬ್ಬರು ಬಳಿಯಲ್ಲಿರಲಿ.

ಈಗ ಈಳಿಗೆಮಣೆಗೆ ಬರೋಣ. ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕಿವುಚಿ, ಸಾರಿನ ಹದಕ್ಕಲ್ಲ, ಗೊಜ್ಜಿನ ಹದಕ್ಕೆ ಗಟ್ಟಿಯಾದ ರಸ ತೆಗೆಯಬೇಕು. ಹಳೆಯ ಹುಣಸೆಯಾದರೆ ಅಡ್ಡಿಯಿಲ್ಲ. ಉಪ್ಪು ಬೆರಸಿ ಇಟ್ಟದ್ದಾದರೆ ಬೇಡ. ಅಲಗಿನ ಮೇಲಿನ ಜಿಡ್ಡನ್ನು ಸಾಬೂನಿನಿಂದ ಮೊದಲೇ ತೊಳೆಯಬೇಕು, ಇಲ್ಲವಾದರೆ ಹುಳಿ ಹಿಡಿಯದು. ಸಡಿಲವಾದ ಪದರಗಳನ್ನು ತೆಂಗಿನ ನಾರಿನಿಂದ ತಿಕ್ಕಿ ಉದುರಿಸಿದ ಮೇಲೆ, ಹಳೆಯ ಹತ್ತಿಬಟ್ಟೆಯನ್ನು ಹುಣಸೆಯ ರಸದಲ್ಲಿ ಅದ್ದಿ ಅಲಗಿಗೆ ಸುತ್ತಬೇಕು. ಇಡೀ ಮಣೆಯನ್ನು ಮುಳುಗಿಸುವುದು ತಪ್ಪು. ಮರ ನೀರು ಕುಡಿದು ಊದುತ್ತದೆ, ಆಮೇಲೆ ಬಿರಿಯುತ್ತದೆ, ಕಬ್ಬಿಣ ಮರವನ್ನು ಹೊಗುವ ಸಂದಿನಲ್ಲಿ ಹುಳಿ ನಿಂತು ಒಳಗೊಳಗೇ ತಿನ್ನುತ್ತದೆ. ಮೇಲಿನ ತುದಿಯ ಕಾಯಿ ತುರಿಯುವ ಹಲ್ಲುಗಳ ನಡುವೆ ರಸವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಬೇಕು.

ಹುಣಸೆಹಣ್ಣಿನಲ್ಲಿರುವ ಮುಖ್ಯ ಆಮ್ಲಕ್ಕೆ ಟಾರ್ಟಾರಿಕ್ ಆಮ್ಲವೆಂದು ಹೆಸರು. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಇವೆರಡೂ ಬಲವಾದ ಆಮ್ಲಗಳೇನೂ ಅಲ್ಲ. ಆದರೆ ಇವಕ್ಕೊಂದು ವಿಶೇಷ ಗುಣವುಂಟು. ತುಕ್ಕಿನಿಂದ ಬಿಡಿಸಿದ ಕಬ್ಬಿಣದ ಕಣವನ್ನು ಇವು ಏಡಿಯು ಕೊಂಡಿಗಳಿಂದ ಹಿಡಿಯುವಂತೆ ಎರಡು ಮೂರು ಕಡೆಗಳಿಂದ ಹಿಡಿದುಕೊಂಡು ನೀರಿಗೆ ಸೆಳೆದೊಯ್ಯುತ್ತವೆ, ಮತ್ತೆ ಅಲ್ಲಿಯೇ ಕೂಡಲು ಬಿಡುವುದಿಲ್ಲ. ವಿನೆಗರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ. ಅದೂ ತುಕ್ಕನ್ನು ಕರಗಿಸುತ್ತದೆ, ಆದರೆ ಅದಕ್ಕೆ ಈ ಹಿಡಿತ ಕಡಿಮೆ. ಬೆಲೆಯನ್ನೂ ಗುಣವನ್ನೂ ನೋಡಿದರೆ ಅಲಗಿನಂತಹ ವಸ್ತುವಿಗೆ ಹುಣಸೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಗಟ್ಟಿಯಾದ ರಸ ಜಾರಿಹೋಗದೆ ನಿಂತಲ್ಲಿ ನಿಲ್ಲುತ್ತದೆಂಬುದು ಇನ್ನೊಂದು ಅನುಕೂಲ.

ಅರ್ಧ ಗಂಟೆಗೊಮ್ಮೆ ಬಟ್ಟೆಯನ್ನು ಬಿಚ್ಚಿ ನೋಡಬೇಕು. ನಾರಿನಿಂದಲೋ ಜರಡಿ ಹಿಡಿದ ಒಲೆಬೂದಿಯಿಂದಲೋ ಅಲಗಿನ ಉದ್ದಕ್ಕೆ, ಬೆನ್ನಿನ ಕಡೆಯಿಂದ, ಬಾಯಿಗೆ ಬೆರಳು ತಾಗದಂತೆ ತಿಕ್ಕಿ, ಕೆಂಪು ಉಳಿದ ಕಡೆಗೆ ಮಾತ್ರ ಮತ್ತೆ ರಸ ಹಚ್ಚಬೇಕು. ಹಗುರವಾದ ತುಕ್ಕು ಒಂದೆರಡು ಗಂಟೆಗಳಲ್ಲಿ ಬಿಡುತ್ತದೆ. ದಪ್ಪವಾಗಿದ್ದರೆ ಮೂರು ನಾಲ್ಕು ಸಲ ಮಾಡಬೇಕಾದೀತು. ರಾತ್ರಿಯಿಡೀ ಹಾಗೆಯೇ ಬಿಟ್ಟು ಮಲಗುವುದು ಸಲ್ಲದು. ಆಮ್ಲಕ್ಕೆ ತುಕ್ಕು ಬೇರೆ, ಕಬ್ಬಿಣ ಬೇರೆಯೆಂಬ ವಿವೇಕವಿಲ್ಲ. ತುಕ್ಕು ಮುಗಿದ ಕೂಡಲೆ ಅದು ಕಬ್ಬಿಣವನ್ನು ತಿನ್ನತೊಡಗುತ್ತದೆ. ಇದನ್ನು ಗುರುತಿಸಲು ಒಂದು ಲಕ್ಷಣವಿದೆ. ಬೆಳ್ಳಗೆ ಹೊರಬಿದ್ದ ಲೋಹದ ಮೇಲಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಅದು ಜಲಜನಕ. ಆಮ್ಲ ಈಗ ಕಬ್ಬಿಣಕ್ಕೇ ಬಾಯಿ ಹಾಕಿದೆಯೆಂದು ಅರ್ಥ. ಆಗ ನಿಲ್ಲಿಸಲೇಬೇಕು. ಗುಳಿಗಳ ತಳದಲ್ಲಿ ಅಲ್ಪಸ್ವಲ್ಪ ಕಪ್ಪು ಉಳಿದರೆ ಉಳಿಯಲಿ.

ಮುಂದಿನ ಕಾಲು ಗಂಟೆಯೇ ಮುಖ್ಯವಾದದ್ದು. ನೀರಿನಿಂದ ಚೆನ್ನಾಗಿ ತೊಳೆದು, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆಸೋಡ ಕರಗಿಸಿ ಅದರಿಂದ ಇನ್ನೊಮ್ಮೆ ಒರೆಸಬೇಕು. ಉಳಿದ ಹುಳಿ ಅದರಿಂದ ಅಡಗುತ್ತದೆ. ಮತ್ತೆ ನೀರು. ಬಳಿಕ ಒಂದು ನಿಮಿಷವನ್ನೂ ಕಳೆಯದೆ ಒಣಬಟ್ಟೆಯಿಂದ ಒತ್ತಿ ಒರೆಸಿ, ಸಣ್ಣ ಉರಿಗೆ ದೂರದಿಂದ ಹಿಡಿದೋ ಬಿಸಿಲಿನಲ್ಲಿಟ್ಟೋ ಬೆಚ್ಚಗಾಗುವಷ್ಟು ಒಣಗಿಸಬೇಕು. ಈಗ ತಾನೆ ಹೊರಬಂದ ಕಬ್ಬಿಣ ಎಳೆಗೂಸಿನ ಮೈಯಂತೆ. ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಒದ್ದೆಯಾಗಿ ಬಿಟ್ಟರೆ ಹತ್ತೇ ನಿಮಿಷಗಳಲ್ಲಿ ಕಿತ್ತಳೆಬಣ್ಣದ ಹೊಸ ತುಕ್ಕು ಮುಖ ತೋರಿಸುತ್ತದೆ. ಅನೇಕರು ಇಡೀ ಮಧ್ಯಾಹ್ನ ಶ್ರಮಪಟ್ಟು ತಿಕ್ಕಿ, ತೊಳೆದು, ಮೋರಿಯ ಬದಿಯಲ್ಲಿ ಒರಗಿಸಿಟ್ಟು ಊಟಕ್ಕೆ ಕೂಡುತ್ತಾರೆ. ಕೈತೊಳೆಯಲು ಎದ್ದಾಗ ಅಲಗು ಪುನಃ ಕೆಂಪು. ಆಗ ಹುಣಸೆಯನ್ನು ದೂರುವುದು ನ್ಯಾಯವಲ್ಲ. ಬೆಚ್ಚಗಿರುವಾಗಲೇ ಎರಡು ತೊಟ್ಟು ಕೊಬ್ಬರಿಯೆಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿದರೆ ಅಲಗಿಗೆ ಬೇಕಾದ ಪೊರೆ ಸಿದ್ಧವಾಯಿತು. ಸಾಣೆ ಹಿಡಿಸುವುದು ಆಮೇಲೆ.

ಉಳಿದ ಉಪಾಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ನಿಂಬೆಹೋಳಿಗೆ ಉಪ್ಪನ್ನು ಅದ್ದಿ ತಿಕ್ಕುವುದು ಪ್ರಸಿದ್ಧ. ಕೆಲಸ ಬೇಗನಾಗುತ್ತದೆ ನಿಜ, ಆದರೆ ಸಂದುಗಳಲ್ಲಿ ಉಳಿದ ಉಪ್ಪು ಮುಂದಿನ ತುಕ್ಕಿಗೆ ಬೀಜ. ಕಡಲ ಬದಿಯ ಈ ಊರಿನಲ್ಲಿ ಕಬ್ಬಿಣಕ್ಕೆ ನಾವು ಬೇರೆ ಉಪ್ಪನ್ನು ಕೊಡಬೇಕೇಕೆ? ಹುಳಿಮಜ್ಜಿಗೆಯೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ವಾಸನೆಯನ್ನು ಸಹಿಸಬಲ್ಲವರು ನೋಡಬಹುದು. ವಿನೆಗರಿಗೆ ಸೋಡ ಬೆರಸಿ ಉಕ್ಕಿಬರುವ ನೊರೆಯನ್ನು ಸುರಿಯುವವರಿದ್ದಾರೆ. ನೊರೆ ನೋಡಲು ಚೆನ್ನ; ಆದರೆ ಆಮ್ಲವೂ ಸೋಡವೂ ಪರಸ್ಪರ ಕೊಂದುಕೊಂಡು ಉಳಿದ ನೀರಿನಲ್ಲಿ ಸತ್ತ್ವವೇ ಇರುವುದಿಲ್ಲ. ಶೌಚಗೃಹ ತೊಳೆಯುವ ಆಮ್ಲವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ಅದು ಕಬ್ಬಿಣವನ್ನೂ ಕೈಯನ್ನೂ ಕಣ್ಣನ್ನೂ ಒಂದೇ ಸಮನಾಗಿ ಸುಡುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ.

ಗುಳಿಬಿದ್ದು ಒರಟಾದ ಕಿಟಕಿಯ ಸರಳು, ಬಾಗಿಲಿನ ಕೀಲು ಮುಂತಾದವುಗಳಿಂದ ತುಕ್ಕನ್ನು ಪೂರ್ತಿ ತೆಗೆಯಲಾಗುವುದಿಲ್ಲ. ಅಲ್ಲಿ ಚಹಾ ಉಪಯೋಗಕ್ಕೆ ಬರುತ್ತದೆ. ಹಾಲು ಸಕ್ಕರೆಗಳಿಲ್ಲದ ಗಟ್ಟಿ ಚಹಾ ಕಷಾಯವನ್ನು ಆರಿಸಿ, ಸಡಿಲ ತುಕ್ಕನ್ನು ಉದುರಿಸಿದ ಮೇಲೆ ಎರಡು ಮೂರು ಸಲ ಬಳಿದರೆ ಕೆಂಪು ಬಣ್ಣ ನಿಧಾನವಾಗಿ ಕಪ್ಪಾಗುತ್ತದೆ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ತುಕ್ಕಿನ ಕಬ್ಬಿಣದೊಡನೆ ಕೂಡಿ, ನೀರಿನಲ್ಲಿ ಕರಗದ ಕರಿಯ ಪದಾರ್ಥವಾಗಿ ನಿಲ್ಲುತ್ತದೆ. ನಮ್ಮ ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಅನ್ನಭೇದಿಯೂ ಕಬ್ಬಿಣದ ಒಂದು ಲವಣವೇ. ಚಹಾ ಒಣಗಿದ ಮೇಲೆ ಎಣ್ಣೆಯನ್ನೋ ಬಣ್ಣವನ್ನೋ ಬಳಿಯಬೇಕು.

ಹಿಡಿದುಕೊಂಡ ಬೀಗಕ್ಕೆ ಹುಳಿ ಬೇಡ. ಒಳಗಿನ ಸಣ್ಣ ಸ್ಪ್ರಿಂಗುಗಳೂ ಹಿತ್ತಾಳೆಯ ಭಾಗಗಳೂ ಕೆಡುತ್ತವೆ. ತೆಳುವಾದ ಯಂತ್ರದ ಎಣ್ಣೆಯನ್ನು ನಾಲ್ಕು ತೊಟ್ಟು ಬಿಟ್ಟು ಒಂದು ಹಗಲು ಕಾದು, ಕೀಲಿಕೈಯನ್ನು ಬಲ ಹಾಕದೆ ಅತ್ತಿತ್ತ ಆಡಿಸಬೇಕು. ಸೀಮೆಎಣ್ಣೆ ಮೊದಲಿನಂತೆ ಮನೆಮನೆಯಲ್ಲಿಲ್ಲ. ಇದ್ದರೆ ಅದೂ ಆದೀತು, ಬೆಂಕಿಯಿಂದ ದೂರವಿಟ್ಟು. ಎಣ್ಣೆ ತುಕ್ಕನ್ನು ಕರಗಿಸುವುದಿಲ್ಲ, ಅದರ ಸಂದುಗಳಲ್ಲಿ ನುಸುಳಿ ಜಾರುವಂತೆ ಮಾಡುತ್ತದೆ ಅಷ್ಟೆ. ಹೊಲಿಗೆಯಂತ್ರಕ್ಕೆ ಕೊಬ್ಬರಿಯೆಣ್ಣೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಳತಾದಾಗ ಅಂಟಾಗುತ್ತದೆ. ದೋಸೆಯ ಕಾವಲಿಯ ಮಾತು ಇವೆಲ್ಲಕ್ಕೂ ಬೇರೆ. ಅದರ ಕಪ್ಪು ಮೈಯೇ ಅದರ ಕವಚ. ತುಕ್ಕು ಕಂಡಷ್ಟು ಜಾಗವನ್ನು ಮಾತ್ರ ಉಜ್ಜಿ, ಒಣಗಿಸಿ, ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆಯಾಡುವವರೆಗೆ ಕಾಯಿಸುವುದನ್ನು ಮೂರು ನಾಲ್ಕು ಸಲ ಮಾಡಿದರೆ, ಎಣ್ಣೆ ಬೆಂದು ಗಟ್ಟಿಯಾದ ಪೊರೆಯಾಗಿ ಕಪ್ಪು ಮರಳುತ್ತದೆ.

ಮಳೆಗಾಲದಲ್ಲಿ ಇವುಗಳನ್ನು ಇಡುವ ಬಗೆ: ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಗಾಳಿಯಾಡುವ ಎತ್ತರದ ಜಾಗದಲ್ಲಿಡಬೇಕು. ಶ್ರಾವಣದಲ್ಲಿ ಒಮ್ಮೆ ಬಿಚ್ಚಿ ನೋಡಿ, ಎಲ್ಲಿಯಾದರೂ ಹಳದಿಯ ಚುಕ್ಕೆ ಕಂಡರೆ ಆಗಲೇ ಎಣ್ಣೆಬಟ್ಟೆಯಿಂದ ತಿಕ್ಕಿ ತೆಗೆಯಬೇಕು; ಆಯುಧಪೂಜೆಯ ಹಿಂದಿನ ದಿನ ಹೇಗೂ ಎಲ್ಲವನ್ನೂ ಹೊರತೆಗೆದು ತೊಳೆಯುವ ಪದ್ಧತಿಯಿದೆ, ಆಗ ಮಾತ್ರ ಕುಂಕುಮವಿಡುವ ಮೊದಲು ಅಲಗಿನ ನೀರು ಪೂರ್ತಿ ಆರಿದೆಯೇ ಎಂದು ಬೆರಳಿನಿಂದಲ್ಲ, ಒಣಬಟ್ಟೆಯಿಂದ ಒರೆಸಿ ನೋಡಿರಿ.